ಬಾಳಿಕೆ ಮೈದುನನ ಬ್ಯಾಟರಿ

ನನ್ನ ಮೈದುನನಿಗೆ ಬೀದಿಯವರು ಇಟ್ಟ ಹೆಸರು ‘ಬಾಳಿಕೆ’. ಚಪ್ಪಲಿ ಕೊಳ್ಳಲಿ, ಬಕೆಟ್ ಕೊಳ್ಳಲಿ, ಅವನು ಮೊದಲು ಕೇಳುವುದು “ಬಾಳಿಕೆ ಬರುತ್ತಾ?” ಎಂದೇ. ಮದುವೆಯ ದಿನ ಹೆಂಡತಿಯನ್ನೂ ಹಾಗೇ ಕೇಳಿದ್ದ ಎಂದು ನನ್ನ ಯಜಮಾನರು ಬದುಕಿರುವ ತನಕ ಛೇಡಿಸುತ್ತಿದ್ದರು.

ಬಾಡಿಗೆ ಕಾರು ಓಡಿಸಿ ಸಂಸಾರ ನಡೆಸಿದವನು ಅವನು. ಕಾರಿನ ಬ್ಯಾಟರಿಯನ್ನು ಹಸುಗೂಸಿನ ಹಾಗೆ ನೋಡಿಕೊಳ್ಳುತ್ತಿದ್ದ. ಬಾನೆಟ್ ಎತ್ತಿ, ತುದಿಗಳಿಗೆ ಕಟ್ಟಿದ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಸವರುವನು. ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಬಾಗಿಲಲ್ಲಿ ನಿಂತು, “ನನ್ನ ಒಡೆದ ಹಿಮ್ಮಡಿಗೆ ಒಂದಿನ ಸವರಿದ್ದುಂಟಾ, ಕೇಳಕ್ಕಾ” ಎನ್ನುವಳು. ಬೇರೆಯವರ ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಮಲಗಿದರೆ ಇವನದು ಎಂಟು ವರ್ಷ ದುಡಿಯಿತು.

ಅಷ್ಟು ಹೊತ್ತಿಗೆ ಓರಗಿತ್ತಿಯ ಕಿಡ್ನಿ ಕೈಕೊಟ್ಟಿತ್ತು. ದಿನ ಬಿಟ್ಟು ದಿನ ಆಸ್ಪತ್ರೆ, ಡಯಾಲಿಸಿಸ್. ಜೊತೆಗೆ ನಾನು. ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿದ ಮೇಲೆ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಮೈದುನ ಕೀಲಿ ತಿರುಗಿಸಿದರೆ, ಟಕ್ ಟಕ್ ಎಂದಿತೇ ಹೊರತು ಇಂಜಿನ್ ಏಳಲಿಲ್ಲ. ಆಸ್ಪತ್ರೆಯ ಕಾವಲುಗಾರರು ತಳ್ಳಿ ಹೊರಡಿಸಿದರು. ಅವನು ನೇರ ಬ್ಯಾಟರಿ ಅಂಗಡಿಗೇ ಬಂದು ನಿಲ್ಲಿಸಿದ.

ಅಂಗಡಿಯವನು ಮೀಟರ್ ಇಟ್ಟು ನೋಡಿ ನಕ್ಕ. “ಯಜಮಾನ್ರೇ, ಇದಕ್ಕೆ ಯಾವತ್ತೋ ಪೆನ್ಷನ್ ಕೊಟ್ಟು ಕಳಿಸ್ಬೇಕಿತ್ತು.”

ಎರಡು ಬ್ಯಾಟರಿ ತಂದಿಟ್ಟ. ಒಂದಕ್ಕೆ ಒಂದು ವರ್ಷದ ವಾರಂಟಿ, ಇನ್ನೊಂದಕ್ಕೆ ಐದು. ಬೆಲೆಯೂ ಹೆಚ್ಚುಕಡಿಮೆ ದುಪ್ಪಟ್ಟು. “ವರ್ಷಕ್ಕೆ ಇಷ್ಟು ಅಂತ ಭಾಗಿಸಿ ನೋಡಿ, ದೊಡ್ಡದೇ ಅಗ್ಗ” ಎಂದ.

ಆ ಲೆಕ್ಕವನ್ನು ಬೀದಿಗೆಲ್ಲ ಕಲಿಸಿದವನೇ ನನ್ನ ಮೈದುನ. ಆದರೆ ಅಂದು, “ಚಿಕ್ಕದು ಹಾಕಪ್ಪ, ಸಾಕು” ಎಂದುಬಿಟ್ಟ.

“ಯಾಕಪ್ಪಾ, ದುಡ್ಡು ಸಾಲ್ದಾ? ನನ್ಹತ್ರ ಇದೆ” ಎಂದೆ.

“ದುಡ್ಡಲ್ಲ ಅತ್ತಿಗೆ.” ದನಿ ತಗ್ಗಿಸಿದ. “ಐದು ವರ್ಷದ್ದು ಕಟ್ಕೊಂಡು ನಾನೇನ್ ಮಾಡ್ಲಿ? ಬಾಡಿಗೆ ಓಡ್ಸೋದು ಬಿಟ್ಟಾಯ್ತು. ಗಾಡಿ ಇಟ್ಕೊಂಡಿರೋದೇ ಇವಳಿಗೋಸ್ಕರ. ಡಾಕ್ಟ್ರು ಮೊನ್ನೆ ಹೇಳಿದ್ದು...”

ಕಾರಿನ ಗಾಜು ಇಳಿದಿತ್ತು. ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದೆವು. ಅವಳು ಎದ್ದು ಕೂತಳು.

“ರೀ, ನಾನು ಹೋಗೋ ದಿನಾನ ಬ್ಯಾಟರಿ ಅಂಗಡೀಲಿ ಗೊತ್ತು ಮಾಡ್ತಿದೀರಾ?”

“ಹಾಗಲ್ವೇ...”

“ಇನ್ ಹೇಗೆ? ನೀವು ಕೀಲಿ ತಿರುಗಿಸ್ದಾಗೆಲ್ಲ ಇನ್ನೆಷ್ಟು ಉಳೀತು ಅಂತ ನಾನು ಹಿಂದೆ ಕೂತು ಎಣಿಸ್ಬೇಕಾ? ನನ್ ಕೈಲಾಗಲ್ಲ. ದೊಡ್ಡದು ಹಾಕ್ಸಿ. ಇದ್ರೆ ನಾನು ಓಡಾಡ್ತೀನಿ. ಇಲ್ದಿದ್ರೆ ಅಕ್ಕನ್ನ ಕೂರಿಸ್ಕೊಂಡು ನಾಲ್ಕು ಊರು ತೋರ್ಸಿ. ಪಾಪ, ನನ್ ಜೊತೆ ಆಸ್ಪತ್ರೆ ಬೆಂಚು ಸವೆಸಿದ್ದೇ ಆಯ್ತು ಅವ್ರು.”

ಅಂಗಡಿಯವನು ಸ್ಪ್ಯಾನರ್ ಹಿಡಿದು ಗೋಡೆ ನೋಡುತ್ತ ನಿಂತಿದ್ದ. ಮೈದುನ ತಲೆಯೆತ್ತದೆ ದೊಡ್ಡದರ ಕಡೆ ಕೈ ತೋರಿಸಿದ. ಆಮೇಲೆ ಅಂಗಡಿಯವನನ್ನು ಪಕ್ಕಕ್ಕೆ ಸರಿಸಿ, ನಟ್ಟುಗಳನ್ನು ತಾನೇ ಬಿಗಿದ. ವಾರಂಟಿ ಚೀಟಿಗೆ ಹೆಸರು ಕೇಳಿದಾಗ ಹೆಂಡತಿಯ ಹೆಸರು ಹೇಳಿದ.

“ಗಾಡಿ ನಿಮ್ಮ ಹೆಸರಲ್ಲಿದೆಯಲ್ಲ ಸಾರ್?”

“ಬರಿಯಪ್ಪಾ” ಎಂದ ಮೈದುನ. “ಐದು ವರ್ಷದೊಳಗೆ ಕೆಟ್ರೆ ನಿನ್ ಹತ್ರ ಜಗಳಕ್ಕೆ ಬರೋಳು ಅವಳೇ.”