ಮೇಡಮ್ಮನ ಮಡಿಲಿಗೆ ಬಿದ್ದ ಸೀರೆ

ನನ್ನ ಮೊಮ್ಮಗಳು ಯೂನಿವರ್ಸಿಟಿಯಲ್ಲಿ ಓದಿದವಳು. ಈ ಮಾತು ಹೇಳುವಾಗ ಇವತ್ತಿಗೂ ನನ್ನ ಗಂಟಲು ತಾನಾಗಿ ದೊಡ್ಡದಾಗುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೇಳದಿದ್ದರೂ ಹೇಳಿಬಿಡುತ್ತೇನೆ. ನಾನು ಎರಡನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಬರೆಯುವುದು ಇನ್ನೂ ನಿಧಾನ. ಆದರೂ ಇದನ್ನು ನಾನೇ ಬರೆಯಬೇಕು. ಬೇರೆ ಯಾರಾದರೂ ಬರೆದರೆ ಮೊದಲ ಸಾಲಿನಲ್ಲೇ ನನ್ನ ಬೀಗಿತ್ತಿ ಬಂದು ಕೂತುಬಿಡುತ್ತಾರೆ.

ಬೀಗಿತ್ತಿ ಎಂದರೆ ನನ್ನ ಸೊಸೆಯ ತಾಯಿ. ಚಳ್ಳಕೆರೆ ಪೇಟೆಯವರು, ಎಣ್ಣೆ ಮಿಲ್ಲಿನ ಮನೆ. ನಮ್ಮದು ಕೊಂಡ್ಲಹಳ್ಳಿ, ಶೇಂಗಾ ಬೆಳೆಯುವ ಮನೆ. ನಾವು ಬೆಳೆದ ಕಾಯಿ ಅವರ ಮಿಲ್ಲಿಗೆ ಹೋಗುತ್ತಿತ್ತು. ಹಾಗೆಯೇ ನಮ್ಮ ಮನೆಯ ಕೂಸೂ ಹೋಯಿತು. ಹೈಸ್ಕೂಲು, ಕಾಲೇಜು ಎಲ್ಲ ಅಲ್ಲೇ. ರಜೆಗೆ ಬಂದಾಗ ನಾನು ಮುದ್ದೆ ತಿರುವುತ್ತಿದ್ದರೆ, ಪಕ್ಕದಲ್ಲಿ ಕೂತು, "ಅಜ್ಜಿ ಮನೇಲಿ ಹಿಂಗಲ್ಲ ಮಾಡೋದು" ಎನ್ನುತ್ತಿದ್ದಳು. ಅವರದು ಅಜ್ಜಿಯ ಮನೆಯಾದರೆ ನಾನು ಯಾರ ಮನೆಯ ಒಲೆ ಊದುತ್ತಿದ್ದೆ? ಒಳಗೆ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಆದರೂ ಮುದ್ದೆಗೆ ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದೆ. ಬೀಗಿತ್ತಿ ಎಷ್ಟು ಹಾಕುತ್ತಾರೋ ಯಾರಿಗೆ ಗೊತ್ತು?

ಎರಡು ಸಾವಿರದ ಇಸವಿಯ ಆಚೀಚೆ ಅವಳು ಎಂ.ಎಸ್ಸಿ.ಗೆ ಸೇರಿದಳು. ಗಿಡಮರದ ಓದು. ಅಲ್ಲಿಯ ಒಬ್ಬ ಮೇಡಂಗೆ ಒಂದು ಆಸೆ ಹುಟ್ಟಿತ್ತು. ವರ್ಷಕ್ಕೊಮ್ಮೆ ಹುಡುಗಿಯರನ್ನು ಕರೆತಂದು ಒಂದು ತಿಂಗಳು ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಹತ್ತಿರ ಉಳಿಸಿ, ಅಲ್ಲಿಯ ಹುಲ್ಲು, ಹೂವು, ಹಕ್ಕಿ ಎಲ್ಲವನ್ನೂ ನೋಡಿ ಕಲಿಯುವಂತೆ ಮಾಡಬೇಕು. ಕೈಲಾಗದ ಮನೆಯ ಹುಡುಗಿಯರಿಗೂ ಆ ಅವಕಾಶ ಸಿಗಬೇಕು. ಯೂನಿವರ್ಸಿಟಿ ಬಸ್ಸು ಕೊಡುತ್ತದಂತೆ. ಊಟ, ಹಾಸಿಗೆ, ಬಡ ಹುಡುಗಿಯರ ಖರ್ಚು, ಇದೆಲ್ಲ ಈ ಸೀಮೆಯ ಜನರ ದೇಣಿಗೆಯಿಂದಲೇ ಆಗಬೇಕು. ದೇಣಿಗೆ ಕೂಡದಿದ್ದರೆ ಬಸ್ಸೂ ಇಲ್ಲ, ಕಾವಲೂ ಇಲ್ಲ.

ನಮ್ಮ ಯಜಮಾನರಿಗೆ ನಗು. "ಹುಲ್ಲು ನೋಡಾಕೆ ಯೂನಿವರ್ಸಿಟಿ ಬೇಕಾ? ನಮ್ಮ ಎಮ್ಮೆ ದಿನಾ ನೋಡ್ತೈತೆ."

"ಎಮ್ಮೆ ಪರೀಕ್ಷೆ ಬರೆಯಲ್ಲ ತಾತ" ಎಂದಳು ಮೊಮ್ಮಗಳು.

ದೇಣಿಗೆ ಎತ್ತುವುದಕ್ಕೆ ಮೇಡಂ ಜೊತೆ ತಾನೂ ಬರುತ್ತೇನೆ ಎಂದು ಮೊಮ್ಮಗಳು ಹೇಳಿ ಕಳಿಸಿದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಜಗಲಿ ಸಾರಿಸಿದೆ, ಹೋಳಿಗೆಗೆ ಬೇಳೆ ಬೇಯಿಸಿದೆ, ಓಣಿಯವರಿಗೆಲ್ಲ ಹೇಳಿದೆ. ಅವರು ಬಂದಿಳಿದದ್ದು ಮಿಲ್ಲಿನ ಜೀಪಿನಲ್ಲಿ. ಮುಂದಿನ ಸೀಟಿನಿಂದ ಮೊದಲು ಇಳಿದವರು ಬೀಗಿತ್ತಿ! ನನ್ನ ಮನೆಗೆ, ನನ್ನ ಮೊಮ್ಮಗಳನ್ನು, ಅವರು ಕರೆದುಕೊಂಡು ಬಂದಂತಾಯಿತು.

ಮೇಡಂ ಕರಾವಳಿ ಕಡೆಯವರು. ತೆಳ್ಳಗೆ, ಮಾತು ಮೆತ್ತಗೆ, ಮೈಮೇಲೆ ಬಣ್ಣ ಮಾಸಿದ ಒಂದು ನೂಲಿನ ಸೀರೆ. ಹೋಳಿಗೆ ತಿನ್ನುತ್ತಾ ಬೀಗಿತ್ತಿಯ ಕಡೆ ಕೈ ತೋರಿಸಿ, "ಈ ಅಜ್ಜಿಯವರು ಇಡೀ ತಿಂಗಳ ಅಕ್ಕಿ, ಎಣ್ಣೆ ತಾವೇ ಕೊಡ್ತೇನೆ ಅಂದಿದ್ದಾರೆ, ಕಂಬಳಿ ಕೂಡ" ಎಂದರು. ಮೊಮ್ಮಗಳು ಬೀಗಿತ್ತಿಯ ಭುಜಕ್ಕೆ ಒರಗಿಕೊಂಡು ಕೂತಿದ್ದಳು.

"ಏನ್ ಮಹಾ ಬಿಡ್ರಿ" ಎಂದರು ಬೀಗಿತ್ತಿ. "ಹಳ್ಳಿಯೋರಿಗೆ ಕಷ್ಟ ಆಗ್ತೈತೆ. ನಮಗೇನು? ಮನೇಲಿ ಬಿದ್ದಿರೋದು."

ಹಳ್ಳಿಯವರು! ನಾನು ನೇರ ಒಳಗೆ ಹೋಗಿ ಪೆಟ್ಟಿಗೆ ತೆಗೆದೆ. ಅದರಲ್ಲಿ ಒಂದು ಮೊಳಕಾಲ್ಮುರು ರೇಷ್ಮೆ ಸೀರೆ ಇತ್ತು. ನೇರಳೆ ಬಣ್ಣದ ಒಡಲು, ಗೋಪುರದಂಚು, ಸೆರಗಿನ ತುಂಬ ನವಿಲು. ಮೊಮ್ಮಗಳ ಮದುವೆಗೆಂದು ನಾನೇ ಮಗ್ಗದವರ ಮನೆಗೆ ಹೋಗಿ ಹೇಳಿ ನೇಯಿಸಿದ್ದು. "ಎವರಿಕಮ್ಮಾ ಇದಿ?" ಎಂದು ನೇಕಾರರು ತೆಲುಗಿನಲ್ಲಿ ಕೇಳಿದಾಗ, "ನಾ ಮನವರಾಲಿಕಿ", ನನ್ನ ಮೊಮ್ಮಗಳಿಗೆ ಎಂದಿದ್ದೆ, ಇಡೀ ಬೀದಿಗೆ ಕೇಳುವಂತೆ. ಮದುವೆಗೆ ಇನ್ನೊಂದು ನೇಯಿಸಿದರಾಯಿತು. ಇದನ್ನು ಮಾರಿ ಹುಡುಗಿಯರ ಖರ್ಚಿಗೆ ಹಾಕಿಕೊಳ್ಳಿ ಎನ್ನಬೇಕು, ಬೀಗಿತ್ತಿಯ ಅಕ್ಕಿ, ಎಣ್ಣೆ ಇದರ ಅಂಚಿನ ಹತ್ತಿರವೂ ಬರಬಾರದು ಎಂದು ಲೆಕ್ಕ ಹಾಕಿದೆ.

ಎಡವಟ್ಟಾದದ್ದು ಆಮೇಲೆ. ಮೊದಲ ಸಲ ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವ ವಾಡಿಕೆ ನಮ್ಮಲ್ಲಿ ಇಲ್ಲ. ಕುಂಕುಮ ಇಟ್ಟು, ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆಯಡಿಕೆ ಹಾಕಿ ಮಡಿಲು ತುಂಬುತ್ತೇವೆ. ಮೇಡಂ ಹೊರಟು ನಿಂತು, ಮೊಮ್ಮಗಳು ಹೇಳಿಕೊಟ್ಟಂತೆ ಸೆರಗು ಒಡ್ಡಿದರು. ನಾನು ಅಕ್ಕಿ ಹಾಕಿದೆ. ಬೀಗಿತ್ತಿ ಕತ್ತು ಉದ್ದ ಮಾಡಿ ನನ್ನ ಕಂಕುಳಲ್ಲಿದ್ದ ಗಂಟನ್ನೇ ನೋಡುತ್ತಿದ್ದರು. ನೋಡಲಿ ಎಂದುಕೊಂಡು, ಸೀರೆಯನ್ನು ಬಿಚ್ಚಿ ನವಿಲು ಮೇಲೆ ಕಾಣುವಂತೆ ಆ ಅಕ್ಕಿಯ ಮೇಲೆಯೇ ಇಟ್ಟುಬಿಟ್ಟೆ.

"ಮೇಡಮ್ಮ, ಇದು ಹುಡುಗೀರ ಕ್ಯಾಂಪಿಗೆ. ಮಾರಿ ದುಡ್ಡು ಮಾಡ್ಕಳ್ರಿ."

ಬೀಗಿತ್ತಿ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

"ಅಯ್ಯೋ ಬೀಗಿತ್ತಿ, ಏನ್ ಮಾಡಿದ್ರಿ? ಮಡ್ಲಕ್ಕಿ ಜೊತೆ ಹಾಕಿದ ಸೀರೇನ ಮಾರ್ತಾರೇನ್ರಿ ಯಾರಾದ್ರೂ? ಅವರೇ ಉಡಬೇಕು. ವಾಪಸ್ ಕೊಡೋ ಹಂಗೂ ಇಲ್ಲ, ನೀವು ತಗಳ್ಳೋ ಹಂಗೂ ಇಲ್ಲ."

ಅವರು ಹೇಳಿದ್ದು ನಿಜವೇ. ಅದಕ್ಕೇ ಇನ್ನಷ್ಟು ಉರಿಯಿತು. ಮಡಿಲಿಗೆ ಬಿದ್ದದ್ದು ಮಡಿಲಿನವರದು. ಮೇಡಂ ಗಾಬರಿಯಿಂದ, "ನನಗೆ ಬೇಡ ಅಜ್ಜಿ, ಇಷ್ಟು ಬೆಲೆಯದ್ದು ನಾನು ಹೇಗೆ ತಗೊಳ್ಳಲಿ?" ಎಂದರು. ಬೇಡ ಎನ್ನುವಂತೆಯೂ ಇಲ್ಲವೆಂದು ಬೀಗಿತ್ತಿಯೇ ಬಿಡಿಸಿ ಹೇಳಿದರು, ಬಹಳ ಸಂತೋಷದಿಂದ. ಜೀಪು ಹೋಯಿತು. ಸೀರೆ ಹೋಯಿತು. ಕ್ಯಾಂಪಿಗೆ ನನ್ನ ಮನೆಯಿಂದ ಒಂದು ಕಾಳೂ ಸಲ್ಲಲಿಲ್ಲ. ಬೀಗಿತ್ತಿಯ ಅನ್ನ ಉಂಡು ಆ ಹುಡುಗಿಯರೆಲ್ಲ ಓದುತ್ತಾರೆ, ನನ್ನ ಮೊಮ್ಮಗಳೂ ಅದನ್ನೇ ಉಣ್ಣುತ್ತಾಳೆ.

"ಎರಡು ಮೂಟೆ ಶೇಂಗಾ ಕೊಟ್ಟಿದ್ರೆ ಮುಗೀತಿತ್ತು" ಎಂದರು ಯಜಮಾನರು.

"ನೀವು ಎಮ್ಮೆ ಹತ್ರ ಹೋಗಿ ಮಾತಾಡ್ರಿ" ಎಂದೆ.

ಒಂದಷ್ಟು ದಿನ ಕಳೆದು ಮೊಮ್ಮಗಳು ಒಬ್ಬಳೇ ಬಸ್ಸಿನಲ್ಲಿ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. ಚಳ್ಳಕೆರೆ ಪೇಟೆಯಲ್ಲಿ ಮೇಡಂ ಅಂಗಡಿ ಅಂಗಡಿ ಸುತ್ತಿದರೂ "ನಾಳೆ ಬರ್ರಿ" ಎನ್ನುವುದು ಬಿಟ್ಟು ಇನ್ನೇನೂ ಸಿಕ್ಕಿರಲಿಲ್ಲವಂತೆ. ಉಡದಿದ್ದರೆ ಅಜ್ಜಿ ನೊಂದುಕೊಳ್ಳುತ್ತಾರೆ ಎಂದು ಒಂದು ದಿನ ಆ ನೇರಳೆ ಸೀರೆ ಉಟ್ಟು ಹೊರಟರಂತೆ. ಅಂಗಡಿಯ ಹಿಂದಿನ ಮನೆಗಳಿಂದ ಹೆಂಗಸರು ಬಾಗಿಲಿಗೆ ಬಂದರಂತೆ. "ಯಾವ ಮಗ್ಗದ್ದಮ್ಮಾ? ಒಳಗೆ ಬರ್ರಿ, ಸೆರಗು ತೋರಿಸ್ರಿ." ಒಳಗೆ ಕೂತು ಕಾಫಿ ಕುಡಿಯುವಷ್ಟರಲ್ಲಿ ಸೀರೆಯ ಮಾತು ಮುಗಿದು ಹುಡುಗಿಯರ ಮಾತು ಬಂತಂತೆ. ಆಮೇಲೆ ಆ ಹೆಂಗಸರೇ ಗಂಡಂದಿರನ್ನು ಅಂಗಡಿಯಿಂದ ಕರೆಸಿ ಕೊಡಿಸಿದರಂತೆ. ಒಬ್ಬರು ಹಾಸಿಗೆ, ಮತ್ತೊಬ್ಬರು ಇಬ್ಬರು ಹುಡುಗಿಯರ ಪೂರ್ತಿ ಖರ್ಚು, ಇನ್ನೊಬ್ಬರು ಪ್ರತಿ ವರ್ಷ ಕೊಡುತ್ತೇನೆಂಬ ಮಾತು.

"ಕ್ಯಾಂಪು ಆಗೇ ಆಗ್ತೈತೆ ಅಜ್ಜಿ! ನಿನ್ ಸೀರೆಯಿಂದ!"

ನಾನು ಅವಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದೆ, ಅತ್ತೆ, ನಕ್ಕೆ, ಮತ್ತೆ ಅತ್ತೆ. ಆಮೇಲೆ ನೆನಪಾಗಿ ಕೇಳಿದೆ: "ಸೀರೆ ಯಾರು ಕೊಟ್ಟಿದ್ದು ಅಂತ ಕೇಳಲಿಲ್ವಾ ಅವರು?"

"ಕೇಳಿದ್ರು. ಹುಡುಗಿಯ ಅಜ್ಜಿ ಅಂದ್ರು ಮೇಡಂ." ಅವಳು ತುಟಿ ಕಚ್ಚಿ ನಗು ತಡೆದಳು. "ಪೇಟೆಯೋರು ಚಳ್ಳಕೆರೆ ಅಜ್ಜೀನೇ ಅಂದ್ಕೊಂಡವ್ರೆ."

"ನಿಮ್ಮಜ್ಜಿ ಏನಂದ್ರು?"

"ಏನೂ ಅನ್ನಲಿಲ್ಲ. ಸುಮ್ನೆ ನಕ್ರು."

ಆ ನಗು ಹೇಗಿರುತ್ತದೆ ಎಂದು ನನಗೆ ಗೊತ್ತು. ಮೊಮ್ಮಗಳ ಓದು ಅವರ ಮನೆಯ ಲೆಕ್ಕಕ್ಕೆ ಹೋಗಿತ್ತು. ಈಗ ನನ್ನ ನವಿಲುಗಳೂ ಹಾರಿಹೋಗಿ ಅವರ ಮಾಳಿಗೆಯ ಮೇಲೆ ಕೂತವು! ಮುಂದಿನ ವಾರ ಮಿಲ್ಲಿನ ಅಂಗಳದಲ್ಲಿ ದಾನಿಗಳಿಗೆಲ್ಲ ಊಟ ಇಟ್ಟು, ಹುಡುಗಿಯರನ್ನು ಅಲ್ಲಿಂದಲೇ ಕಾವಲಿಗೆ ಕಳಿಸುತ್ತಾರಂತೆ. ಕರೆಯದಿದ್ದರೂ ಹೋಗುತ್ತಿದ್ದೆ, ಕರೆದಿದ್ದರು.

ಅಂಗಳಕ್ಕೆ ಕಾಲಿಟ್ಟಾಗ ಬೀಗಿತ್ತಿ ಪೇಟೆಯ ಹೆಂಗಸರ ನಡುವೆ ಕುರ್ಚಿಯ ಮೇಲಿದ್ದರು. ಮೇಡಂ ಆ ಸೀರೆಯಲ್ಲೇ ನಿಂತಿದ್ದರು. ಬಿಸಿಲಿಗೆ ಅಂಚು ಹೊಳೆಯುತ್ತಿತ್ತು. ನಾನು ಏನು ಹೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅಷ್ಟರಲ್ಲಿ ಮೊಮ್ಮಗಳು ಓಡಿಬಂದು ನನ್ನ ಕೈ ಹಿಡಿದು ನಡುವಿಗೆ ಎಳೆದುಕೊಂಡು ಹೋದಳು.

"ಸೀರೆ ಕೊಟ್ಟ ಅಜ್ಜಿ ಇವರು. ನಮ್ಮಪ್ಪನ ಅವ್ವ. ಕೊಂಡ್ಲಹಳ್ಳಿಯೋರು."

ಹೆಂಗಸರು ಬೀಗಿತ್ತಿಯ ಕಡೆ ತಿರುಗಿದರು.

"ನಾನೂ ಅದನ್ನೇ ಹೇಳಾನ ಅಂತಿದ್ದೆ" ಎಂದರು ಬೀಗಿತ್ತಿ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ. "ಸೆಕೆ ನೋಡ್ರಿ, ಮರ್ತೇಹೋಯ್ತು."

"ನಿಮಗೂ ವಯಸ್ಸಾತು ಬಿಡ್ರಿ" ಎಂದೆ.

ಆ ಹೆಂಗಸರು ನನ್ನನ್ನು ಸುತ್ತಿಕೊಂಡು ಮಗ್ಗದವರ ಮನೆ ಎಲ್ಲಿ, ಎಷ್ಟು ದಿನ ಹಿಡಿಯಿತು ಎಂದೆಲ್ಲ ಕೇಳಿದರು. ನಾನು ಹೇಳಿದೆ, ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದೆ. ಆದರೆ ಹೊರಗೆ ಬಸ್ಸಿನ ಹಾರನ್ನು ಕೇಳಿದಾಗ ಎಲ್ಲ ಬಿಟ್ಟು ಬಾಗಿಲಿಗೆ ಬಂದೆ. ಹುಡುಗಿಯರು ಕಂಬಳಿಗಳ ಮೇಲೆ ಕಂಬಳಿ ಒಟ್ಟಿಕೊಂಡು, ಹಾಡು ಹೇಳುತ್ತಾ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವರ ನಡುವೆ ನನ್ನವಳು. ಅವಳ ವಯಸ್ಸಿಗೆ ನನಗೆ ಮೂರು ಮಕ್ಕಳು. ಒಂದು ತಿಂಗಳು ಅಡುಗೆಮನೆ ಬಿಟ್ಟು, ಕಂಡದ್ದರ ಹೆಸರು ಕೇಳುತ್ತಾ ಓಡಾಡುವುದು ಅಂದರೆ ಹೇಗಿರುತ್ತದೆ? ಬೀಗಿತ್ತಿಯ ಮೇಲಿನ ಉರಿ ಇದರ ಮುಂದೆ ಏನೂ ಅಲ್ಲ. ನನ್ನ ಮೊಮ್ಮಗಳ ಮೇಲೆಯೇ ನನಗೆ ಹೊಟ್ಟೆಕಿಚ್ಚಾಯಿತು. ಎಂಥ ಹೊಟ್ಟೆಕಿಚ್ಚು ಎಂದರೆ, ಹಾಗೇ ನಿಂತು ನಗುತ್ತಿದ್ದೆ.

"ಅಜ್ಜೀ, ಕಾವಲು ನೋಡ್ಕಂಡು ನಾಳೆ ಹೋಗುವಂತೆ, ಬರ್ತೀಯಾ?" ಎಂದಳು ಕಿಟಕಿಯಿಂದ.

ಯಾವ ಅಜ್ಜಿಯನ್ನು ಕೇಳಿದಳೋ ಏನೋ. ಬೀಗಿತ್ತಿಯೂ ನನ್ನ ಹಿಂದೆಯೇ ಬಂದು ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ. ಸೀರೆ ಮೇಲೆತ್ತಿ ಕಟ್ಟಿಕೊಂಡು, ಕಂಬಿ ಹಿಡಿದು ಬಸ್ಸು ಹತ್ತಿಬಿಟ್ಟೆ.