ಚರ್ಮದ ಮೇಲಿನ ಕ್ರಿಮಿ

ನಾನು ಮದುವೆಯಾಗಿ ಕಗ್ಗದಾಸಪುರಕ್ಕೆ ಬಂದಾಗ ಆ ಬೀದಿಯಲ್ಲಿ ಹಸು ಉಳಿದಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಮುಂದೆ ಬಾಡಿಗೆಯ ಮನೆಗಳು ಎದ್ದ ಮೇಲೂ ಹಿಂದಿನ ಕೊಟ್ಟಿಗೆ ಕೆಡವಲು ಅತ್ತೆ ಒಪ್ಪಿರಲಿಲ್ಲ. ಒಂದೇ ಒಂದು ಕೆಂದ ಸೀಮೆ ಹಸು. ಅದರ ಹಾಲು ಕರೆಯುತ್ತಿದ್ದವರೂ ಅತ್ತೆಯೊಬ್ಬರೇ. ಜೀವನ್ ಬಿಮಾ ನಗರದಲ್ಲಿ ಪ್ಯಾಕೆಟ್ ಹಾಲು ಕುಡಿದು ಬೆಳೆದ ನನಗೆ ಕೊಟ್ಟಿಗೆಯ ವಾಸನೆ ಆಗುತ್ತಿರಲಿಲ್ಲ. ಅದು ಗೊತ್ತಾಗಿ ಅವರು ಸ್ನಾನ ಮಾಡಿಯೇ ನನ್ನ ಪಕ್ಕ ಕೂರುತ್ತಿದ್ದರು.

ನಾನು ಬಸುರಿಯಾಗಿದ್ದಾಗ ಹಸುವಿಗೆ ಕೆಚ್ಚಲು ಬಾವು ಬಂತು. ಒಂದು ತೊಟ್ಟಿನ ಹಾಲು ನೀರಾಗಿ, ಅದರಲ್ಲಿ ಸಣ್ಣ ಸಣ್ಣ ಗರಣೆಗಳು ಬರುತ್ತಿದ್ದವು. ಪಶುವೈದ್ಯರು ತೊಟ್ಟಿನೊಳಗೆ ಔಷಧಿ ಬಿಟ್ಟರು. ಕಡಿಮೆಯಾಯಿತು, ಮತ್ತೆ ಬಂತು. ಕೊನೆಗೆ ಹಾಲನ್ನು ಲ್ಯಾಬಿಗೆ ಕಳಿಸಿ ನೋಡಿ, ಇದು ಸ್ಟ್ಯಾಫಿಲೊಕಾಕಸ್ ಎಂದರು. ಅದರಲ್ಲಿ ಒಂದು ಜಾತಿ ಉಗ್ರವಾದದ್ದು, ರಕ್ತದ ತಿಳಿಯನ್ನು ಹೆಪ್ಪುಗಟ್ಟಿಸುತ್ತದೆ, ಅದರಿಂದಲೇ ಲ್ಯಾಬಿನವರು ಅದನ್ನು ಗುರುತಿಸುತ್ತಾರೆ. ನಮ್ಮ ಹಸುವಿಗೆ ಬಂದದ್ದು ಹೆಪ್ಪುಗಟ್ಟಿಸದ ಗುಂಪಿನದು, ಅಷ್ಟು ಕೆಟ್ಟದ್ದಲ್ಲ ಎಂದು ವಿವರಿಸಿದರು.

ಇದೆಲ್ಲಿಂದ ಬಂತು ಎಂದು ಅತ್ತೆ ಕೇಳಿದರು.

"ಎಲ್ಲಿಂದಲೂ ಬರಬೇಕಾಗಿಲ್ಲಮ್ಮ, ಚರ್ಮದ ಮೇಲೇ ಇರುತ್ತೆ. ಹಸು ತೊಟ್ಟಿನ ಮೇಲೆ, ನಿಮ್ಮ ಕೈಲಿ, ನನ್ನ ಕೈಲಿ. ಹೊರಗಿದ್ರೆ ಸುಮ್ನಿರುತ್ತೆ, ಒಳಗೆ ಹೋದ್ರೆ ತೊಂದ್ರೆ ಕೊಡುತ್ತೆ."

ಇಷ್ಟು ಮಾತಿನಲ್ಲಿ ಅತ್ತೆಗೆ ಕೇಳಿಸಿದ್ದು 'ನಿಮ್ಮ ಕೈಲಿ' ಎಂಬುದು ಮಾತ್ರ. ಅಂದಿನಿಂದ ಕೈ ತೊಳೆಯಲು ಶುರು ಮಾಡಿದರು. ಕರೆಯುವ ಮುಂಚೆ ತೊಳೆಯಿರಿ ಎಂದು ವೈದ್ಯರು ಹೇಳಿದ್ದರು. ಇವರು ದಿನವಿಡೀ ತೊಳೆದರು. ಬೆರಳುಗಳ ಸಂದು ಒಡೆದು ರಕ್ತ ಜಿನುಗಿತು. ಒಡೆದ ಕೈಯಲ್ಲಿ ಕ್ರಿಮಿ ಇನ್ನೂ ಹೆಚ್ಚು ಕೂರುತ್ತದೆ ಎಂದು ನನ್ನ ಗಂಡ ಎಲ್ಲೋ ಓದಿ ಹೇಳಿದ್ದೇ ತಡ, ಅತ್ತೆ ಹಸುವನ್ನು ಮುಟ್ಟುವುದನ್ನೇ ಬಿಟ್ಟರು. ಅವರ ಬದಲು ಗಂಡ ಕೂತ. ಹಸು ಅವನಿಗೆ ಹಾಲು ಇಳಿಸಲಿಲ್ಲ. ಕೂಲಿಯವನನ್ನು ಕರೆಸಿದರೆ ಒದೆಯಿತು. ಹಾಲು ಒಳಗೇ ನಿಂತು ಕೆಚ್ಚಲಿನ ಬಾವು ಬಂದ ಭಾಗ ಗಟ್ಟಿಯಾಗಿ, ಆ ತೊಟ್ಟು ಬತ್ತಿಹೋಯಿತು. ಉಳಿದ ಮೂರು ಚೆನ್ನಾಗಿವೆ, ನೀವೇ ಕರೆಯಿರಿ ಎಂದು ವೈದ್ಯರು ಹೇಳಿದರೂ ಅತ್ತೆ ಕೇಳಲಿಲ್ಲ. ಹೊಸಕೋಟೆಯ ಆಚೆ ಅವರ ತಂಗಿಯ ಮನೆಗೆ ಹಸುವನ್ನು ಕಳಿಸಿಬಿಟ್ಟರು. ಟೆಂಪೋ ಹತ್ತಿಸುವಾಗ ಅವರು ಒಳಗೆ ಅಕ್ಕಿ ಆರಿಸುತ್ತಿದ್ದರು.

ನನಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗಳು ಅಂಗೈಯಷ್ಟಿದ್ದಳು. ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ನರಕ್ಕೆ ಸಣ್ಣ ಕೊಳವೆ ಹಾಕಿ ಅದರಲ್ಲೇ ಆಹಾರ ಕೊಡುತ್ತಿದ್ದರು. ಅತ್ತೆ ದಿನಾ ಬಂದು ಬಾಗಿಲಾಚೆ ನಿಂತು ಹೋಗುತ್ತಿದ್ದರು. ಕೈ ತೊಳೆದು ಒಳಗೆ ಬಂದು ಮುಟ್ಟಿ ಅಜ್ಜಿ, ಮಗುವಿಗೂ ಒಳ್ಳೆಯದು ಎಂದು ನರ್ಸ್ ಮತ್ತೆ ಮತ್ತೆ ಕರೆದ ಮೇಲೆ ಒಮ್ಮೆ ಒಳಗೆ ಬಂದರು. ಪೆಟ್ಟಿಗೆಯ ಕಿಂಡಿಯಲ್ಲಿ ಕೈಯಿಟ್ಟು, ಒಂದು ಬೆರಳಿನಿಂದ ಮಗುವಿನ ಅಂಗಾಲು ಮುಟ್ಟಿದರು. ಮಗು ಕಾಲು ಎಳೆದುಕೊಂಡಿತು. ಅತ್ತೆ ನಕ್ಕರು. ಹಸು ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆ ವಾರವೇ ಮಗುವಿನ ಮೈ ತಣ್ಣಗಾಗತೊಡಗಿತು. ನಡುನಡುವೆ ಉಸಿರು ನಿಲ್ಲುತ್ತಿತ್ತು. ರಕ್ತ ಪರೀಕ್ಷೆಗೆ ಕಳಿಸಿದರು. ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಡಾಕ್ಟರು ಸ್ಟ್ಯಾಫಿಲೊಕಾಕಸ್ ಎಂದಾಗ ನಾನು ತಲೆ ಎತ್ತಲಿಲ್ಲ. ಅತ್ತೆಗೆ ಆ ಹೆಸರು ನೆನಪಿತ್ತು.

"ಚರ್ಮದ ಮೇಲಿರುತ್ತಲ್ಲ, ಅದೇನಾ?" ಎಂದು ಕೇಳಿದರು.

ಡಾಕ್ಟರು ಹೌದೆಂದರು. ಎಲ್ಲರ ಮೈಮೇಲೂ ಇರುವಂಥದ್ದು, ಮಗುವಿನ ಮೈಮೇಲೂ ಇದೆ, ಕೊಳವೆಗೆ ಅಂಟಿಕೊಂಡು ಒಳಗೆ ಇಳಿದಿರಬೇಕು, ಇಷ್ಟು ಚಿಕ್ಕ ಮಕ್ಕಳಲ್ಲಿ ಇದು ಆಗುತ್ತಲೇ ಇರುತ್ತದೆ ಎಂದು ಸಮಾಧಾನವಾಗಿ ಹೇಳಿದರು. ಅಂಗಾಲು ಮುಟ್ಟಿದ್ದಕ್ಕೆ ಬರುವುದಿಲ್ಲ ಎಂದೂ, ನಾನು ಕೇಳಿದ ಮೇಲೆ, ಬಿಡಿಸಿ ಹೇಳಿದರು. ಅತ್ತೆ ತಲೆಯಾಡಿಸಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು, ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡರು.

"ನನ್ ಕೈಯೇ ಸರಿ ಇಲ್ಲ ಕಣಮ್ಮ. ಒಂದ್ಸಲ ಗೊತ್ತಾದ್ಮೇಲೂ ಮುಟ್ಟಿದ್ನಲ್ಲ."

ಕೊಳವೆ ತೆಗೆದರು, ಔಷಧಿ ಬದಲಾಯಿಸಿದರು. ಮಗು ಉಳಿಯಿತು. ಮನೆಗೆ ಕರೆತಂದ ದಿನ ಅತ್ತೆ ಆರತಿ ಎತ್ತಿದರು, ತೊಟ್ಟಿಲಿಗೆ ಹಾಸಲು ತಮ್ಮ ಹಳೆಯ ಸೀರೆ ಒಗೆದು ಮಡಿಚಿಟ್ಟಿದ್ದರು. ಮಗುವನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ನಾನು ಗದರಿದೆ, ಬೇಡಿಕೊಂಡೆ, ಅವರ ಮಡಿಲಲ್ಲಿ ಮಗುವನ್ನು ಹಾಕಿಯೂ ನೋಡಿದೆ. ಕೈ ಮೇಲೆತ್ತಿಕೊಂಡು, ತಗೋ ತಗೋ ಎಂದರು. ಆಮೇಲೆ ನಾನು ಒತ್ತಾಯಿಸಲಿಲ್ಲ.

ಈಗ ಮಗಳು ಎಲ್‌ಕೆಜಿಗೆ ಹೋಗುತ್ತಾಳೆ, ಗಟ್ಟಿಮುಟ್ಟಾಗಿದ್ದಾಳೆ. ಊಟ ಮಾಡಿಸಿ ಎಂದು ತಟ್ಟೆ ಹಿಡಿದುಕೊಂಡು ಹೋದರೆ ಅತ್ತೆ ಚಮಚ ಹುಡುಕುತ್ತಾರೆ. ಮೊನ್ನೆ ತಲೆ ಬಾಚುವಾಗ ಅವಳು, ಈ ಅಜ್ಜಿಗೆ ನಾನಂದ್ರೆ ಇಷ್ಟ ಇಲ್ವಾ ಎಂದು ಕೇಳಿದಳು. ಇಷ್ಟ ಇದೆ ಎಂದೆ. ಅವಳು ನಂಬಲಿಲ್ಲ. ಭಾನುವಾರ ಬಂದರೆ ಜೀವನ್ ಬಿಮಾ ನಗರದ ಅಜ್ಜಿ ಮನೆಗೆ ಹೋಗೋಣ ಎಂದು ಹಟ ಮಾಡುತ್ತಾಳೆ, ಕರೆದುಕೊಂಡು ಹೋಗುತ್ತೇವೆ. ಅತ್ತೆ ಗೇಟಿನವರೆಗೆ ಬರುತ್ತಾರೆ. ಮಗಳು ತಿರುಗಿ ನೋಡದೆ ಆಟೋ ಹತ್ತುತ್ತಾಳೆ.