ಹಳೆಯ ಸಾಲಕ್ಕೆ ಹೊಸ ಸಾಲ ಕೊಡಲಿಲ್ಲ

ಗೆಳೆಯರೇ, ಇವತ್ತು ಮೇಲಧಿಕಾರಿಯ ಮಾತು ಮೀರಿದೆ, ಕೆಲಸವೂ ಉಳಿಯಿತು!

ನಾನು ಮುಖ್ಯಸ್ಥೆಯಾಗಿರುವ ಬಬಲೇಶ್ವರದ ಕಿರುಸಾಲ ಸಂಸ್ಥೆಯ ಶಾಖೆಗೆ ಬೆಳಿಗ್ಗೆ ವಿಜಯಪುರದಿಂದ ಏರಿಯಾ ಮ್ಯಾನೇಜರ್ ಬಂದಿದ್ದರು. ನಮ್ಮಂತೆಯೇ ಬೇರೆ ಸಂಸ್ಥೆಗಳೂ ಮೇಲಿಂದ ಮೇಲೆ ಸಾಲ ಕೊಟ್ಟಿದ್ದರಿಂದ ಮಮದಾಪುರದ ಮಹಿಳಾ ಸಂಘದವರಿಗೆ ಕಂತು ಕಟ್ಟಲು ಆಗುತ್ತಿರಲಿಲ್ಲ.

"ಮೇಡಂ, ಅವರಿಗೆ ಇನ್ನೊಂದು ಸಾಲ ಕೊಟ್ಟು ಹಳೇದು ಚುಕ್ತಾ ಮಾಡಿಸ್ರಿ. ಲೆಕ್ಕದಾಗ ಬಾಕಿ ಕಾಣಬಾರ್ದು," ಎಂದರು ಮ್ಯಾನೇಜರ್.

"ಸರ್, ಹಿಂಗ ಮುಚ್ಚಿಟ್ಕೋತ ಹೋದ್ರ ಒಂದಿನ ಸಂಸ್ಥೇನ ಮುಳಗತೈತ್ರಿ. ನಾ ಸಹಿ ಮಾಡೂದಿಲ್ರಿ."

"ಹಂಗಾರ ನಿಮ್ಮ ಜಾಗಾಕ್ಕ ಬ್ಯಾರೇದವ್ರು ಬರ್ತಾರ."

ನಾನು ಅವರೆದುರೇ ಮುಖ್ಯ ಕಚೇರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಎಲ್ಲವನ್ನೂ ಹೇಳಿದೆ. ಆ ಕಡೆಯ ಹಿರಿಯ ಅಧಿಕಾರಿ ಬಾಕಿಯ ವಿವರ ಕೇಳಿಕೊಂಡು, "ಹೊಸ ಸಾಲ ಬ್ಯಾಡ. ಕಂತು ಸಣ್ಣದು ಮಾಡಿ ಗಡುವು ಹೆಚ್ಚಿಸ್ರಿ. ಮ್ಯಾನೇಜರ್ ಸಾಹೇಬ್ರ, ನಿಮ್ಮ ಎಲ್ಲಾ ಶಾಖೆಗೂ ಇದ ನಿಯಮ. ಮೇಡಂ ಅಲ್ಲೇ ಇರ್ತಾರ," ಎಂದರು.

ಸುದ್ದಿ ತಿಳಿಸಿದಾಗ ಸಂಘದ ಅಧ್ಯಕ್ಷೆ ಶಾಂತವ್ವ, "ಅಕ್ಕಾರ, ಇವತ್ತರ ಕಣ್ಣತುಂಬ ನಿದ್ದಿ ಮಾಡ್ತೀವ್ರಿ," ಎಂದು ಫೋನಿನಲ್ಲೇ ಜೋರಾಗಿ ನಕ್ಕರು.

ಮ್ಯಾನೇಜರ್ ಚಹಾ ಮುಟ್ಟದೇ ಹೊರಟರು. ಅವರ ಕಪ್ಪನ್ನೂ ನಾನೇ ಖಾಲಿ ಮಾಡಿದೆ. ತಣ್ಣಗಾಗಿತ್ತು, ಆದರೆ ಇಷ್ಟು ರುಚಿಯಾದ ಚಹಾ ನಮ್ಮ ಶಾಖೆಯಲ್ಲಿ ಹಿಂದೆಂದೂ ಕುಡಿದಿರಲಿಲ್ಲ.